ಮುಂಬಯಿಯಿಂದ ತಂಡ ಕರೆದೊಯ್ಯುವವರಿಗೆ

ಮಾಟುಂಗಾ, ಮುಲುಂಡ್, ಡೊಂಬಿವಲಿ, ವಾಶಿಗಳ ಕನ್ನಡ ಸಂಘಗಳಿಂದಲೂ ಭಜನಾ ಮಂಡಳಿಗಳಿಂದಲೂ ವರ್ಷಕ್ಕೊಮ್ಮೆಯಾದರೂ ಮಹಾರಾಷ್ಟ್ರದ ಎಂಟು ಗಣಪತಿ ಕ್ಷೇತ್ರಗಳಾದ ಅಷ್ಟವಿನಾಯಕಕ್ಕೋ ಪಂಢರಪುರಕ್ಕೋ ಗೋವೆಗೋ ಒಂದು ಬಸ್ಸು ಹೊರಡುತ್ತದೆ, ಆ ಬಸ್ಸಿಗೊಬ್ಬ ಮುಖ್ಯಸ್ಥ ಬೇಕಾಗುತ್ತಾನೆ. ಸೇವೆಯೆಂದು ಒಪ್ಪಿಕೊಂಡ ಕೆಲಸವನ್ನೇ ಮುಂದೆ ವೃತ್ತಿ ಮಾಡಿಕೊಂಡವರಿದ್ದಾರೆ. ಒಂದೇ ಯಾತ್ರೆಗೆ ಕೈಮುಗಿದು ಹಿಂದೆ ಸರಿದವರೂ ಇದ್ದಾರೆ. ಸ್ಥಳಪುರಾಣ ಯಾರಿಗೆ ಎಷ್ಟು ಗೊತ್ತು ಎಂಬುದರಿಂದ ಈ ವ್ಯತ್ಯಾಸ ಹುಟ್ಟಿದ್ದನ್ನು ನಾನು ಕಂಡಿಲ್ಲ. ಮುಂದೆ ಎಲ್ಲಿ ನಿಲ್ಲುತ್ತೇವೆ, ಎಷ್ಟು ಹೊತ್ತಿಗೆ, ಅಲ್ಲಿ ಶೌಚಾಲಯ ಇದೆಯೇ, ಊಟ ಯಾವಾಗ ಎಂಬುದು ತಿಳಿದಿರುವ ಪ್ರಯಾಣಿಕ ಹತ್ತು ಗಂಟೆ ಕುಳಿತರೂ ಗೊಣಗುವುದಿಲ್ಲ. ಅದು ತಿಳಿಯದವನು ಪನ್ವೇಲ್ ದಾಟುವಷ್ಟರಲ್ಲೇ ದಣಿದಿರುತ್ತಾನೆ. ಹೊರಡುವ ಮೊದಲೇ ಈ ಪ್ರಶ್ನೆಗಳಿಗೆ ಉತ್ತರ ಸಿದ್ಧ ಮಾಡಿಟ್ಟುಕೊಳ್ಳುವುದು ಹೇಗೆ, ಮತ್ತು ವರ್ಷದ ಹೆಚ್ಚಿನ ದಿನ ರಸ್ತೆಯ ಮೇಲೆಯೇ ಇರುವ ಮುಖ್ಯಸ್ಥ ತನ್ನನ್ನು ತಾನು ನೋಡಿಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ತಾರೀಕು ಮತ್ತು ದಾರಿ

ಕಾರ್ಯಕ್ರಮ ಹಾಕುವಾಗ ಮೊದಲು ಮುಚ್ಚುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಾಕ್ಕೆ ಮಂಗಳವಾರ ರಜೆ, ಮುಂಬಯಿಯ ಎದುರಿಗೇ ಇರುವ ಎಲಿಫೆಂಟಾಕ್ಕೆ ಮತ್ತೆ ಸೋಮವಾರ. ಆದ್ದರಿಂದ ಭಾನುವಾರ ರಾತ್ರಿ ಹೊರಟ ತಂಡಕ್ಕೆ ಸೋಮವಾರ ಎಲ್ಲೋರಾ, ಮಂಗಳವಾರ ಅಜಂತಾ ಎಂಬ ಒಂದೇ ಕ್ರಮ ಉಳಿಯುತ್ತದೆ. ತಿರುಗಿಸಿ ಹಾಕಿದರೆ ಎರಡೂ ದಿನ ಮುಚ್ಚಿದ ಗೇಟನ್ನೇ ನೋಡಬೇಕಾಗುತ್ತದೆ. ಛತ್ರಪತಿ ಸಂಭಾಜಿನಗರದಲ್ಲಿ (ಹಿಂದಿನ ಔರಂಗಾಬಾದ್) ತಂಗಿದರೆ ಎಲ್ಲೋರಾ ಸುಮಾರು 30 ಕಿ.ಮೀ., ಅಜಂತಾ ಸುಮಾರು 100 ಕಿ.ಮೀ. ಅಜಂತಾದಲ್ಲಿ ನಿಮ್ಮ ಬಸ್ಸು ಗುಹೆಯ ಬುಡದವರೆಗೆ ಹೋಗುವುದಿಲ್ಲ, ಕೊನೆಯ 4 ಕಿ.ಮೀ.ಗೆ ಅಲ್ಲಿನ ಬಸ್ಸನ್ನೇ ಹತ್ತಬೇಕು; ಆ ಸಾಲಿನಲ್ಲಿ ಕಳೆಯುವ ಹೊತ್ತನ್ನು ಹೋಗುವಾಗಲೂ ಬರುವಾಗಲೂ ಲೆಕ್ಕಕ್ಕೆ ಹಿಡಿಯಿರಿ. ಎಲ್ಲೋರಾದಲ್ಲಿ ನಮ್ಮ ಜನ ಹೇಗಿದ್ದರೂ 16ನೆಯ ಗುಹೆಯ ಕೈಲಾಸದಲ್ಲೇ ನಿಂತುಬಿಡುತ್ತಾರೆ, ಅದರಲ್ಲೂ ಅದು ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದೆಂದು ಹೇಳಿದ ಮೇಲೆ. ಹಾಗಾಗಿ ಬೆಳಗಿನ ಹೊತ್ತನ್ನು ಅದಕ್ಕೇ ಬಿಟ್ಟುಕೊಡಿ, ಉತ್ತರದ ತುದಿಯಲ್ಲಿರುವ 30ರಿಂದ 34ರವರೆಗಿನ ಜೈನ ಗುಹೆಗಳಿಗೆ ಆಮೇಲೆ ವಾಹನದಲ್ಲಿ ಕರೆದೊಯ್ಯಿರಿ.

ಅಷ್ಟವಿನಾಯಕದಲ್ಲಿ ತಾರೀಕಿನ ಜೊತೆಗೆ ಕ್ರಮದ ಪ್ರಶ್ನೆಯೂ ಏಳುತ್ತದೆ. ಮೋರಗಾಂವ್‌ನ ಮಯೂರೇಶ್ವರನಿಂದ ಹೊರಟು, ಎಂಟೂ ಮುಗಿಸಿ, ಮತ್ತೆ ಮೋರಗಾಂವ್‌ಗೆ ಬಂದು ಯಾತ್ರೆಯನ್ನು ಪೂರ್ಣಗೊಳಿಸುವುದು ಸಂಪ್ರದಾಯ. ಮುಂಬಯಿಯ ಬಸ್ಸುಗಳು ಹಾಗೆ ಮಾಡುವುದು ಅಪರೂಪ, ಏಕೆಂದರೆ ರಾಯಗಡ ಜಿಲ್ಲೆಯ ಮಹಡ ಮತ್ತು ಪಾಲಿ ದಾರಿಯ ಆರಂಭದಲ್ಲೇ ಸಿಗುತ್ತವೆ. ಮೂರು ದಿನ ಸಿಕ್ಕರೆ ನಾನು ಹಾಕುವ ಕ್ರಮ ಹೀಗಿದೆ: ಮೊದಲ ದಿನ ಮಹಡ, ಪಾಲಿ, ಘಾಟಿ ಹತ್ತಿ ಥೇವೂರ್, ಪುಣೆಯಲ್ಲಿ ವಸತಿ; ಎರಡನೆಯ ದಿನ ಮೋರಗಾಂವ್, ಭೀಮಾ ನದಿಯ ದಡದ ಸಿದ್ಧಟೇಕ್, ರಾಂಜಣಗಾಂವ್, ರಾತ್ರಿಗೆ ಓಝರ್‌ನ ಭಕ್ತನಿವಾಸ; ಮೂರನೆಯ ದಿನ ನಸುಕಿನಲ್ಲೇ ಲೇಣ್ಯಾದ್ರಿ, ಅಲ್ಲಿಂದ ಬಂದು ಓಝರ್‌ನ ವಿಘ್ನೇಶ್ವರ, ಊಟವಾದ ಮೇಲೆ ಮಾಳಶೇಜ್ ಘಾಟಿ ಇಳಿದು ಕಲ್ಯಾಣ. ಎಂಟರಲ್ಲಿ ಬೆಟ್ಟದ ಮೇಲಿರುವುದು ಲೇಣ್ಯಾದ್ರಿ ಒಂದೇ. ಬೌದ್ಧ ಗುಹೆಗಳ ಸಾಲಿನಲ್ಲಿರುವ ಆ ಗಣಪತಿಯನ್ನು ಕಾಣಲು ಸುಮಾರು 300 ಮೆಟ್ಟಿಲು ಏರಬೇಕು, ಬಿಸಿಲೇರಿದ ಮೇಲೆ ಆ ಕಲ್ಲು ಕಾಯುತ್ತದೆ. ಅದಕ್ಕಾಗಿಯೇ ಅದನ್ನು ನಸುಕಿಗೆ ಇಡುವುದು. ಡೋಲಿ ಹೊರುವವರು ಸಿಗುತ್ತಾರೆ, ಆದರೆ ದರವನ್ನು ಕೆಳಗೇ ನಿಷ್ಕರ್ಷಿಸಿಕೊಳ್ಳಬೇಕು. ಮೊಣಕಾಲು ನೋವಿನ ಹಿರಿಯರಿಗೆ, ಮೆಟ್ಟಿಲ ಬುಡದಲ್ಲಿ ನಿಂತು ಹೇಳುವ ಬದಲು ಹಿಂದಿನ ರಾತ್ರಿ ಊಟದ ಪಂಕ್ತಿಯಲ್ಲೇ ಹೇಳಿಬಿಡಿ. ಕೆಳಗೆ ಕುಳಿತುಕೊಳ್ಳುವ ತೀರ್ಮಾನವನ್ನು ಅವರೇ ರಾತ್ರಿ ಯೋಚಿಸಿ ತೆಗೆದುಕೊಂಡಿದ್ದರೆ ಬೆಳಿಗ್ಗೆ ಮುಖ ಸಣ್ಣದಾಗುವುದಿಲ್ಲ. ಕ್ರಮದ ವಿಷಯವನ್ನೂ ಹಾಗೆಯೇ ಬುಕಿಂಗ್ ದಿನವೇ ತಿಳಿಸಿ, ಇಲ್ಲವಾದರೆ ಮಹಡದ ಪ್ರಾಂಗಣದಲ್ಲಿ ಯಾರಾದರೊಬ್ಬ ಹಿರಿಯರು ಶಾಸ್ತ್ರ ತೆಗೆದೇ ತೆಗೆಯುತ್ತಾರೆ. ಸಂಕಷ್ಟಿಯ ದಿನ, ಅದರಲ್ಲೂ ಅಂಗಾರಕ ಸಂಕಷ್ಟಿಯಂದು, ಎಂಟನ್ನೂ ಮುಗಿಸುವ ಆಸೆ ಬೇಡ.

ಪಂಢರಪುರದಲ್ಲಿ ಎರಡು ಸಾಲುಗಳಿವೆ. ವಿಠ್ಠಲನ ಪಾದ ಮುಟ್ಟಬೇಕೆನ್ನುವವರ ಸಾಲು ಬೇರೆ, ದೂರದಿಂದ ಮುಖದರ್ಶನ ಸಾಕೆನ್ನುವವರ ಸಾಲು ಬೇರೆ. ಮೊದಲನೆಯದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು, ಎರಡನೆಯದು ಬೇಗ ಸಾಗುತ್ತದೆ. ತಂಡವನ್ನು ಬಸ್ಸಿನಲ್ಲೇ ಎರಡು ಭಾಗ ಮಾಡಿ, ಬೇಗ ಮುಗಿಸಿದವರು ಎಲ್ಲಿ ಕಾಯಬೇಕೆಂದು ಹೇಳಿ ಇಳಿಸಿ. ಆಷಾಢ ಏಕಾದಶಿಯ ಆಸುಪಾಸಿನಲ್ಲಿ ಸಾಮಾನ್ಯ ಪ್ರವಾಸಿ ತಂಡವನ್ನು ಅಲ್ಲಿಗೆ ಒಯ್ಯಲೇಬಾರದು ಎಂಬುದು ನನ್ನ ಅಭಿಪ್ರಾಯ. ವಾರಿ ಎಂಬ ಪಾದಯಾತ್ರೆಯಲ್ಲಿ ನಡೆದು ಬಂದವರ ದಿನ ಅದು, ಬಸ್ಸಿನಲ್ಲಿ ಬಂದವರಿಗೆ ವರ್ಷದ ಉಳಿದ ದಿನಗಳಿವೆ.

ಕೊಲ್ಹಾಪುರದ ಕಡೆ ಹೋಗುವವರು ನರಸೋಬವಾಡಿಯವರೆಗೆ ಹೋಗಿ ಹಿಂದಿರುಗುತ್ತಾರೆ, ಖಿದ್ರಾಪುರವನ್ನು ಬಿಟ್ಟುಬಿಡುತ್ತಾರೆ. ಕನ್ನಡದ ತಂಡ ಹಾಗೆ ಮಾಡಬಾರದು. ಕೃಷ್ಣಾ ತೀರದ ಆ ಕೋಪೇಶ್ವರ ದೇವಾಲಯ ಶಿಲಾಹಾರರ ಕಾಲದ್ದು, ಅಲ್ಲಿ ಕನ್ನಡ ಶಾಸನಗಳಿವೆ. ಮುಂದಿನ ಸ್ವರ್ಗಮಂಟಪದ ಛಾವಣಿಯ ನಡುವೆ ವೃತ್ತಾಕಾರದ ತೆರವು, ಅದರ ಕೆಳಗೆ ನೆಲದಲ್ಲಿ ಅಷ್ಟೇ ದುಂಡನೆಯ ಕಲ್ಲು, ಸುತ್ತಲೂ ಕಂಬಗಳು. ಇಲ್ಲಿ ಮುಖ್ಯಸ್ಥ ಬಾಯಿ ತೆರೆಯಲು ಅವಸರ ಮಾಡಬಾರದು. ಜನರನ್ನು ಒಳಗೆ ಬಿಟ್ಟು ಐದು ನಿಮಿಷ ಸುಮ್ಮನಿದ್ದರೆ ಒಬ್ಬರಲ್ಲ ಒಬ್ಬರು ತಲೆ ಎತ್ತುತ್ತಾರೆ, ಅವರನ್ನು ನೋಡಿ ಉಳಿದವರೂ ಎತ್ತುತ್ತಾರೆ, ಪ್ರಶ್ನೆ ತಾನಾಗಿ ಬರುತ್ತದೆ. ವಿವರಣೆಯನ್ನು ಆಗ ಆರಂಭಿಸಿ. ಮಳೆಗಾಲದಲ್ಲಿ ಮಾತ್ರ ಈ ದಾರಿ ಬೇಡ, ಕೃಷ್ಣೆ ಮತ್ತು ಪಂಚಗಂಗೆ ಉಕ್ಕಿದಾಗ ನರಸೋಬವಾಡಿಯ ದತ್ತ ಮಂದಿರದೊಳಗೇ ನೀರು ನುಗ್ಗುತ್ತದೆ.

ಗೋವೆಗೆ ರಸ್ತೆಯಲ್ಲಿ ಹೋಗುವುದಾದರೆ ಎರಡು ಆಯ್ಕೆಗಳು: ಕೊಂಕಣದ ಮೂಲಕ ರಾಷ್ಟ್ರೀಯ ಹೆದ್ದಾರಿ 66, ಅಥವಾ ಪುಣೆ, ಕೊಲ್ಹಾಪುರಗಳ ಮೂಲಕ ಹೋಗಿ ಆಂಬೋಲಿ ಘಾಟಿಯಲ್ಲಿ ಸಾವಂತವಾಡಿಗೆ ಇಳಿಯುವ ದಾರಿ. ದೊಡ್ಡ ಬಸ್ಸಿನ ಅನುಭವಿ ಡ್ರೈವರುಗಳು ಎರಡನೆಯದನ್ನೇ ಕೇಳಿದರೆ ಅವರ ಮಾತಿಗೆ ಬೆಲೆ ಕೊಡಿ. ವಿಮಾನವಾದರೆ ಮುಂಬಯಿಯಲ್ಲಿ ಯಾವ ಟರ್ಮಿನಲ್, ಗೋವೆಯಲ್ಲಿ ದಾಬೋಲಿಯೋ ಮೋಪಾವೋ ಎಂಬುದನ್ನು ಟಿಕೆಟಿನಲ್ಲಿ ನೋಡಿ ದಪ್ಪ ಅಕ್ಷರದಲ್ಲಿ ಎಲ್ಲರಿಗೂ ಬರೆದು ಕಳುಹಿಸಿ. ಮೋಪಾ ಉತ್ತರದ ತುದಿಯಲ್ಲಿದೆ, ದಾಬೋಲಿ ವಾಸ್ಕೋದ ಬಳಿ ಇದೆ. ಒಂದಕ್ಕೆ ಬದಲು ಇನ್ನೊಂದಕ್ಕೆ ಬಸ್ಸು ಕಳುಹಿಸಿದರೆ ಅರ್ಧ ದಿನ ಹೋದಂತೆಯೇ.

ಬಸ್ಸು ಮತ್ತು ಡ್ರೈವರ್

ಬಸ್ಸು ಗೊತ್ತು ಮಾಡುವಾಗ ಫೋಟೋ ನೋಡಿ ಒಪ್ಪಬೇಡಿ, ಬಸ್ಸನ್ನೇ ನೋಡಿ. ತುರ್ತು ನಿರ್ಗಮನದ ಬಾಗಿಲು ತೆರೆಯುತ್ತದೆಯೇ, ಅಲ್ಲಿ ಹೆಚ್ಚುವರಿ ಸೀಟು ಹಾಕಿ ದಾರಿ ಮುಚ್ಚಿದ್ದಾರೆಯೇ, ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದಿದೆಯೇ, ಟೈರು ಸವೆದಿದೆಯೇ, ಗೋವೆಗೋ ಕರ್ನಾಟಕಕ್ಕೋ ಹೋಗುವುದಾದರೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆಯೇ ಎಂಬುದನ್ನು ಕಣ್ಣಾರೆ ನೋಡಬೇಕು. ಇದಕ್ಕೆ ಮಾಲೀಕ ಮುಖ ಗಂಟಿಕ್ಕಿದರೆ ಬೇರೆ ಬಸ್ಸು ನೋಡಿಕೊಳ್ಳಿ.

ಡ್ರೈವರಿನ ನಿದ್ದೆ ನಿಮ್ಮ ಹೊಣೆ. ಮೋಟಾರು ಸಾರಿಗೆ ಕಾರ್ಮಿಕರ ಕೆಲಸಕ್ಕೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯನ್ನು ಕಾನೂನು 1961ರಲ್ಲೇ ಹಾಕಿತು. ಆದರೂ ಹಗಲೆಲ್ಲ ಓಡಿಸಿದವನನ್ನೇ ರಾತ್ರಿಯೂ ಕೂರಿಸುವ ಪದ್ಧತಿ ನಿಂತಿಲ್ಲ. ರಾತ್ರಿ ಪ್ರಯಾಣವಿದ್ದರೆ ಇಬ್ಬರು ಡ್ರೈವರುಗಳೆಂದು ಕರಾರಿನಲ್ಲೇ ಬರೆಸಿ. ವಸತಿಯಲ್ಲಿ ಅವರಿಗೂ ಮಂಚವಿರುವ ಕೋಣೆ ಕೊಡಿಸಿ, ನಿಮ್ಮ ತಂಡದ ಜೊತೆಗೇ ಊಟ ಹಾಕಿಸಿ. ಬಸ್ಸಿನಲ್ಲಿ ಮಲಗುತ್ತೇನೆ ಸಾಹೇಬ್ ಎಂದು ಅವರೇ ಹೇಳುತ್ತಾರೆ, ಒಪ್ಪಬೇಡಿ. ಸೊಳ್ಳೆ ಕಚ್ಚಿಸಿಕೊಂಡು ಮಲಗಿದವನು ಮರುದಿನ ಘಾಟಿಯಲ್ಲಿ ಮೂವತ್ತೈದು ಜನರನ್ನು ಇಳಿಸಬೇಕಾಗಿರುತ್ತದೆ.

ಅಡುಗೆಯವರನ್ನು ಕರೆದೊಯ್ಯುವ ತಂಡಗಳು ಗ್ಯಾಸ್ ಸಿಲಿಂಡರನ್ನು ಪ್ರಯಾಣಿಕರಿರುವ ವಾಹನದಲ್ಲಿ ಎಂದಿಗೂ ಇಡಬಾರದು. 2023ರ ಆಗಸ್ಟ್ 26ರಂದು ಮದುರೈಯಲ್ಲಿ ಯಾತ್ರಿಕರ ಖಾಸಗಿ ಬೋಗಿಯೊಳಗೆ ಕದ್ದುಮುಚ್ಚಿ ತಂದ ಸಿಲಿಂಡರಿನಿಂದ ಬೆಂಕಿ ಹತ್ತಿ 9 ಜನ ಸತ್ತರು. ಅಡುಗೆ ಭಟ್ಟರು, ಪಾತ್ರೆ, ಒಲೆ ಎಲ್ಲವೂ ಬೇರೆ ಟೆಂಪೊದಲ್ಲಿ ಎರಡು ಗಂಟೆ ಮುಂಚೆ ಹೊರಡಲಿ, ನೀವು ತಲುಪುವ ಹೊತ್ತಿಗೆ ಉಪ್ಪಿಟ್ಟೂ ಆಗಿರುತ್ತದೆ.

ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ 2002ರಲ್ಲಿ ಪೂರ್ತಿಯಾಗಿ ತೆರೆದ ಸುಮಾರು 95 ಕಿ.ಮೀ.ಯ ರಸ್ತೆ. ಅಲ್ಲಿ ಬೇಕೆಂದಲ್ಲಿ ಬಸ್ಸು ನಿಲ್ಲಿಸುವಂತಿಲ್ಲ. ಆದ್ದರಿಂದ ಕಳಂಬೋಲಿ ಬರುವ ಮೊದಲೇ ಮೈಕಿನಲ್ಲಿ ಹೇಳಿ: ಮುಂದಿನ ನಿಲುಗಡೆ ಖಾಲಾಪುರದ ಬಳಿಯ ಫುಡ್ ಮಾಲ್, ಇಪ್ಪತ್ತು ನಿಮಿಷ, ಅದಾದ ಮೇಲೆ ಘಾಟಿ. ವಾಂತಿಯ ಭಯವಿರುವವರು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಆಗಲೇ ತೆಗೆದುಕೊಳ್ಳಲಿ, ತಿರುವು ಬಂದ ಮೇಲೆ ನುಂಗಿದರೆ ಅದು ಉಪಯೋಗಕ್ಕೆ ಬರುವುದಿಲ್ಲ.

ಸೀಟು, ತಲೆ ಎಣಿಕೆ, ರೈಲು

ತಂಡದೊಳಗೆ ಜಗಳ ಹುಟ್ಟುವ ಜಾಗ ಸೀಟು. ಯಾರು ಮೊದಲು ದುಡ್ಡು ಕೊಟ್ಟರೋ ಅವರಿಗೆ ಮುಂದಿನ ಸೀಟು ಎಂಬ ಪದ್ಧತಿ ಕೇಳಲು ನ್ಯಾಯ, ಆದರೆ ನಾಲ್ಕನೆಯ ದಿನವೂ ಹಿಂದಿನ ಸಾಲಿನಲ್ಲೇ ಕುಳಿತು ಗುಂಡಿಗೊಮ್ಮೆ ಹಾರುವವರಿಗೆ ಅದು ನ್ಯಾಯವೆನಿಸುವುದಿಲ್ಲ. ದಿನಕ್ಕೆರಡು ಸಾಲು ಮುಂದೆ ಸರಿಯುವ, ಮುಂದಿದ್ದವರು ಹಿಂದಕ್ಕೆ ಹೋಗುವ ಸರದಿಯನ್ನು ಮೊದಲೇ ಬರೆದು ಹಂಚಿ. ವಾಂತಿಯ ತೊಂದರೆಯವರಿಗೂ ಕಾಲು ಮಡಚಲಾಗದವರಿಗೂ ಮಾತ್ರ ವಿನಾಯಿತಿ, ಅವರ ಹೆಸರುಗಳನ್ನು ಹೊರಡುವ ಮೊದಲೇ ಎಲ್ಲರೆದುರು ಹೇಳಿಬಿಡಿ. ಸಂಘದ ಅಧ್ಯಕ್ಷರಿಗೆ ವಿನಾಯಿತಿ ಇಲ್ಲ.

ನಿಲುಗಡೆಯಿಂದ ಹೊರಡುವಾಗ “ಎಲ್ಲರೂ ಬಂದ್ರಾ?” ಎಂದು ಕೇಳುವುದು ಅತ್ಯಂತ ಅಪಾಯದ ಪ್ರಶ್ನೆ, ಏಕೆಂದರೆ ಹಿಂದೆ ತಿರುಗಿ ನೋಡದವರು ಯಾರೋ “ಬಂದ್ರು ಬಂದ್ರು, ಬಿಡಿ” ಎಂದುಬಿಡುತ್ತಾರೆ. ಮೊದಲ ದಿನವೇ ಎಲ್ಲರಿಗೂ ಜೋಡಿ ಮಾಡಿ, ಗಂಡಹೆಂಡತಿಯನ್ನು ಸಾಧ್ಯವಾದಷ್ಟು ಒಂದೇ ಜೋಡಿಯಲ್ಲಿ ಹಾಕಬೇಡಿ. ಇಬ್ಬರೂ ಒಟ್ಟಿಗೇ ತಪ್ಪಿಸಿಕೊಂಡರೆ ಹೇಳುವವರು ಇರುವುದಿಲ್ಲ. ಹೊರಡುವಾಗ ಹಿಂದಿನ ಸಾಲಿನಿಂದ ಶುರು ಮಾಡಿ, ಪ್ರತಿ ಸೀಟಿನ ಬೆನ್ನು ಮುಟ್ಟುತ್ತ, ತುಟಿಯಲ್ಲಿ ಎಣಿಸುತ್ತ ಮುಂದೆ ಬನ್ನಿ.

“ಅಕ್ಕ, ನಿಮ್ಮ ಜೋಡಿ ಎಲ್ಲಿ?”

“ಇಲ್ಲೇ ಇದ್ರಲ್ಲ ಅಣ್ಣ, ಚಹಾ ತಗೊಂಡು ಬರ್ತೇನೆ ಅಂದ್ರು.”

ಇಷ್ಟು ಸಂಭಾಷಣೆ ಬಸ್ಸು ಚಲಿಸುವ ಮೊದಲು ನಡೆಯಬೇಕು. ಮಡಿಲ ಮೇಲೆ ಮಲಗಿದ ಮಗುವನ್ನು ಎಣಿಕೆಯಲ್ಲಿ ಸೇರಿಸಿದ್ದೀರೋ ಇಲ್ಲವೋ ಎಂಬುದನ್ನು ಮೊದಲ ದಿನವೇ ನಿರ್ಧರಿಸಿಕೊಳ್ಳಿ, ಪ್ರತಿ ಸಲ ಬೇರೆ ಬೇರೆ ಸಂಖ್ಯೆ ಬರುವುದಕ್ಕೆ ಸಾಮಾನ್ಯವಾಗಿ ಅದೇ ಕಾರಣ.

ರೈಲಿನ ತಂಡಕ್ಕೆ ಕೆಲಸ ಹೆಚ್ಚು. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ, ಒಂದು ಟಿಕೆಟಿನಲ್ಲಿ ಆರು ಜನರಿಗಷ್ಟೇ ಅವಕಾಶ. ಅರವತ್ತು ದಾಟಿದ ಗಂಡಸರಿಗೂ ನಲವತ್ತೈದು ದಾಟಿದ ಹೆಂಗಸರಿಗೂ ಕೆಳಗಿನ ಬರ್ತಿನ ಕೋಟಾ ಇದೆ, ಆದರೆ ಅದು ಅನ್ವಯಿಸುವುದು ಅಂಥವರು ಒಬ್ಬರೇ ಅಥವಾ ಇಬ್ಬರೇ ಇರುವ ಟಿಕೆಟಿಗೆ. ಮಗ, ಸೊಸೆ, ಮೊಮ್ಮಕ್ಕಳ ಜೊತೆ ಆರು ಜನರ ಟಿಕೆಟಿನಲ್ಲಿ ಅಜ್ಜಿಯನ್ನು ಸೇರಿಸಿದರೆ ಅವರಿಗೆ ಮೇಲಿನ ಬರ್ತು ಬಂದರೂ ಬರಬಹುದು. ಹಿರಿಯರ ಟಿಕೆಟುಗಳನ್ನು ಇಬ್ಬಿಬ್ಬರಂತೆ ಬೇರೆಯಾಗಿಯೇ ತೆಗೆಯಿರಿ. ಹೊರಡುವ ನಿಲ್ದಾಣವನ್ನೂ ಬಿಡಿಸಿ ಹೇಳಬೇಕು: ಮತ್ಸ್ಯಗಂಧ ಹೊರಡುವುದು ಲೋಕಮಾನ್ಯ ತಿಲಕ ಟರ್ಮಿನಸ್‌ನಿಂದ, ಅದು ಕುರ್ಲಾ ಲೋಕಲ್ ಸ್ಟೇಷನ್ ಅಲ್ಲ, ಬಾಂದ್ರಾ ಟರ್ಮಿನಸ್ಸೂ ಹಾಗೆಯೇ ಬಾಂದ್ರಾ ಸ್ಟೇಷನ್ನಿನಿಂದ ಬೇರೆ. ಕೊಂಕಣ ರೈಲು ಮಳೆಗಾಲದಲ್ಲಿ ನಿಧಾನದ ಪ್ರತ್ಯೇಕ ವೇಳಾಪಟ್ಟಿಯಲ್ಲಿ ಓಡುತ್ತದೆ, ಹಳೆಯ ಸಮಯ ನೆನಪಿನಲ್ಲಿಟ್ಟುಕೊಂಡು ಸ್ಟೇಷನ್ನಿಗೆ ಬರುವವರನ್ನು ಹಿಂದಿನ ದಿನವೇ ಎಚ್ಚರಿಸಿ.

ಎರಡು ಮೂರು ನಿಮಿಷ ಮಾತ್ರ ನಿಲ್ಲುವ ಸ್ಟೇಷನ್ನಿನಲ್ಲಿ ತಂಡವನ್ನು ಇಳಿಸುವುದಕ್ಕೆ ಒಂದು ಕ್ರಮವಿದೆ. ಇಪ್ಪತ್ತು ನಿಮಿಷ ಮೊದಲೇ ಎಬ್ಬಿಸಿ, ತಂಡವನ್ನು ಬೋಗಿಯ ಎರಡೂ ಬಾಗಿಲಿಗೆ ಹಂಚಿ. ಪ್ರತಿ ಬಾಗಿಲಿನಲ್ಲಿ ಮೊದಲು ಗಟ್ಟಿಯಾದವರೊಬ್ಬರು ಬರಿಗೈಯಲ್ಲಿ ಇಳಿಯಲಿ, ನಂತರ ಹಿರಿಯರು, ಆಮೇಲೆ ಚೀಲಗಳು ಕೈಯಿಂದ ಕೈಗೆ, ಕೊನೆಗೆ ಉಳಿದವರು. ಚೀಲ ಮೊದಲು ಇಳಿಸಿದರೆ ಅವು ಬಾಗಿಲ ಬುಡದಲ್ಲೇ ರಾಶಿ ಬಿದ್ದು ಮನುಷ್ಯರಿಗೆ ಕಾಲಿಡಲು ಜಾಗವಿರುವುದಿಲ್ಲ. ನೀವು ಕೊನೆಯವರಾಗಿ, ಬರ್ತುಗಳ ಕೆಳಗೆ ಟಾರ್ಚು ಬಿಟ್ಟು ನೋಡಿ ಇಳಿಯಿರಿ.

ವಸತಿ, ಊಟ, ಔಷಧಿ

ಕೋಣೆಗಳ ಪಟ್ಟಿಯನ್ನು ಬಸ್ಸಿನಲ್ಲೇ ಓದಿ ಹೇಳಿ, ಹೋಟೆಲಿನ ಕೌಂಟರಿನ ಮುಂದೆ ಬೇಡ. ಲಿಫ್ಟ್ ಇಲ್ಲದ ಭಕ್ತನಿವಾಸಗಳಲ್ಲಿ ನೆಲಮಹಡಿಯ ಕೋಣೆಗಳು ಎಷ್ಟಿವೆ, ಪಾಶ್ಚಾತ್ಯ ಕಮೋಡ್ ಎಷ್ಟರಲ್ಲಿದೆ ಎಂಬುದನ್ನು ಫೋನಿನಲ್ಲಿ ಮೊದಲೇ ಕೇಳಿ ಬರೆದಿಟ್ಟುಕೊಂಡಿದ್ದರೆ ಹಂಚಿಕೆ ಹತ್ತು ನಿಮಿಷದ ಕೆಲಸ. ಬೆಳಿಗ್ಗೆ ಬಿಸಿನೀರು ಎಷ್ಟು ಗಂಟೆಯವರೆಗೆ ಎಂಬುದನ್ನೂ ಕೇಳಿಕೊಳ್ಳಿ.

ಊಟದ ವಿಷಯದಲ್ಲಿ ನಮ್ಮವರು ಎರಡು ದಿನ ಪಿಠಲೆ, ಭಾಕರಿ, ಮಿಸಳ್‌ಗಳನ್ನು ಹೊಗಳಿ ತಿನ್ನುತ್ತಾರೆ, ಮೂರನೆಯ ದಿನ ಮಜ್ಜಿಗೆ ಅನ್ನ ಕೇಳುತ್ತಾರೆ. ಅದಕ್ಕೆ ತಕ್ಕಂತೆ ಮೂರನೆಯ ದಿನ ಒಂದು ಉಡುಪಿ ಹೋಟೆಲನ್ನು ಹುಡುಕಿಟ್ಟುಕೊಳ್ಳುವುದು ಜಾಣತನ. ಏಕಾದಶಿ, ಸಂಕಷ್ಟಿಗಳಲ್ಲಿ ಉಪವಾಸದವರು ಎಷ್ಟು ಜನ, ಈರುಳ್ಳಿ ಬೆಳ್ಳುಳ್ಳಿ ಬೇಡವೆನ್ನುವವರು ಎಷ್ಟು, ಸಕ್ಕರೆ ಕಾಯಿಲೆಯವರು ಎಷ್ಟು ಎಂಬ ಪಟ್ಟಿ ಜೇಬಿನಲ್ಲಿರಲಿ. ಸಕ್ಕರೆ ಕಾಯಿಲೆಯವರ ಊಟ ದರ್ಶನದ ಸಾಲಿಗಾಗಿ ತಡವಾಗಬಾರದು, ಅವರ ಕೈಯಲ್ಲಿ ಬಿಸ್ಕತ್ತೂ ಬೆಲ್ಲವೂ ಇರಬೇಕು. ಇನ್ಸುಲಿನ್ ತಂದವರು ಅದನ್ನು ಹೋಟೆಲಿನ ಫ್ರೀಜರಿನಲ್ಲಿ ಇಡದಂತೆ ನೋಡಿಕೊಳ್ಳಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ. ವಿಮಾನದಲ್ಲಾದರೆ ಅದು ಕೈಚೀಲದಲ್ಲೇ ಇರಬೇಕು. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಸುವುದು ಒಳ್ಳೆಯದಲ್ಲ. ನಿಮ್ಮ ಬಳಿಯಿರುವ ಮಾತ್ರೆಗಳನ್ನು ಬೇರೆಯವರಿಗೆ ಕೊಡುವ ಅಭ್ಯಾಸ ಬೇಡ. ಅಂಬುಲೆನ್ಸಿಗೆ 108, ಬೇರೆ ಯಾವ ತುರ್ತಿಗೂ 112, ರೈಲಿನಲ್ಲಿ 139.

ಮುಖ್ಯಸ್ಥನ ಸ್ವಂತ ಜೀವ

ಸತತವಾಗಿ ತಂಡಗಳನ್ನು ಒಯ್ಯುವವರ ದೇಹದಲ್ಲಿ ಮೊದಲು ಕೈಕೊಡುವುದು ಗಂಟಲು. ಸಣ್ಣ ಕೈ ಮೈಕು ಕೊಂಡುಕೊಳ್ಳಿ, ಬಸ್ಸು ಓಡುವಾಗ ಕೂಗಿ ಮಾತಾಡಬೇಡಿ. ಊಟದಲ್ಲಿ ಎಲ್ಲರಿಗಿಂತ ಕೊನೆಗೆ ಕುಳಿತು ಉಳಿದದ್ದನ್ನು ತಿನ್ನುವುದು ದೊಡ್ಡತನದಂತೆ ಕಾಣುತ್ತದೆ, ಸತತವಾಗಿ ಮಾಡಿದರೆ ಹೊಟ್ಟೆ ಕೆಡುತ್ತದೆ. ಒಬ್ಬ ಸಹಾಯಕನನ್ನು ಬಡಿಸುವುದಕ್ಕೆ ನಿಲ್ಲಿಸಿ ನೀವು ಮೊದಲ ಪಂಕ್ತಿಯಲ್ಲೇ ಮುಗಿಸಿ. ರಾತ್ರಿ ಹತ್ತರ ನಂತರ ತುರ್ತಿಗಲ್ಲದೆ ಬಾಗಿಲು ತಟ್ಟಬಾರದೆಂದು ಮೊದಲ ದಿನವೇ ವಿನಯದಿಂದ ಹೇಳಿ. ಟವೆಲ್ ಸಣ್ಣದಿದೆ, ಟಿವಿ ಹತ್ತುತ್ತಿಲ್ಲ ಎಂಬವು ತುರ್ತಲ್ಲ.

ಮನೆಯಲ್ಲಿ ಒಂದು ಚೀಲ ಸದಾ ಸಿದ್ಧವಿರಲಿ: ರಾತ್ರಿ ಒಗೆದರೆ ಬೆಳಿಗ್ಗೆ ಒಣಗುವ ಬಟ್ಟೆ, ಎರಡು ಜೊತೆ ಪಾದರಕ್ಷೆ, ಎಲ್ಲರ ಗುರುತಿನ ಚೀಟಿಗಳ ಕಾಗದದ ಪ್ರತಿ, ಪವರ್ ಬ್ಯಾಂಕ್, ಚಿಲ್ಲರೆ ನೋಟುಗಳ ಒಂದು ಕಟ್ಟು. ವರ್ಷದ ಆರಂಭದಲ್ಲೇ ಮನೆಯವರ ಜೊತೆ ಕುಳಿತು ಯಾವ ದಿನಗಳು ಮನೆಗೆ ಮೀಸಲು ಎಂದು ಬರೆದು, ಆ ದಿನಗಳಿಗೆ ಬುಕಿಂಗ್ ಬಂದರೂ ಬೇಡವೆನ್ನಿ. ದೀಪಾವಳಿಯ ರಜೆಗೆ ಎಲ್ಲರಿಗೂ ಪ್ರವಾಸ ಬೇಕು, ಹಾಗಾಗಿ ಈ ವೃತ್ತಿಯವರ ಮನೆಯಲ್ಲಿ ದೀಪಾವಳಿ ಒಂದು ವಾರ ಮುಂದೆಯೋ ಹಿಂದೆಯೋ ಆಗುವುದು ಸಾಮಾನ್ಯ. ಮಕ್ಕಳಿಗೆ ಅದನ್ನು ಮುಂಚೆಯೇ ಹೇಳಿಟ್ಟಿರಬೇಕು. ತಂಡಗಳು ಕಡಿಮೆಯಾಗುವ ಮಳೆಗಾಲದಲ್ಲಿ ಹಲ್ಲು, ಕಣ್ಣು, ರಕ್ತ ಪರೀಕ್ಷೆ ಮುಗಿಸಿಕೊಳ್ಳಿ.

ದುಡ್ಡಿನ ವಿಷಯ ಕೊನೆಯದಾದರೂ ಹೆಸರು ಕೆಡುವುದು ಅದರಿಂದಲೇ. ಸೀರೆ ಅಂಗಡಿಗಳು, ಚಪ್ಪಲಿ ಅಂಗಡಿಗಳು ಬಸ್ಸು ತಂದವರಿಗೆ ಕಮಿಷನ್ ಕೊಡುತ್ತವೆ ಎಂಬುದು ಎಲ್ಲರಿಗೂ ಗೊತ್ತು, ತಂಡದವರಿಗೂ ಗೊತ್ತು. ತೆಗೆದುಕೊಳ್ಳದಿರುವುದು ಒಳ್ಳೆಯದು, ತೆಗೆದುಕೊಂಡರೆ ಅದನ್ನು ತಂಡದ ಲೆಕ್ಕಕ್ಕೆ ಜಮಾ ಮಾಡಿ ಹೇಳಿಬಿಡಿ. (ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು (ಜಿಐ ಟ್ಯಾಗ್) ಮಹಾರಾಷ್ಟ್ರದ ನಾಲ್ಕು ಮತ್ತು ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು, ಇದನ್ನು ಅಂಗಡಿಗೆ ಹೋಗುವ ಮೊದಲು ಹೇಳಿದರೆ ಬೆಳಗಾವಿ, ಬಾಗಲಕೋಟೆ ಕಡೆಯವರು ಚೌಕಾಸಿಯನ್ನು ಹೆಚ್ಚು ಆತ್ಮವಿಶ್ವಾಸದಿಂದ ಮಾಡುತ್ತಾರೆ.) ಟೋಲ್, ಪಾರ್ಕಿಂಗ್, ಪ್ರವೇಶ ಟಿಕೆಟ್, ಡ್ರೈವರ್ ಭತ್ಯೆಗಳನ್ನು ಆಯಾ ರಾತ್ರಿಯೇ ಬರೆಯಿರಿ, ಚೀಟಿಗಳನ್ನು ದಿನಕ್ಕೊಂದು ಲಕೋಟೆಯಲ್ಲಿ ಹಾಕಿ.

ಹಿಂತಿರುಗುವ ದಿನ ಬಸ್ಸು ಮುಂಬಯಿ ಸೇರುವ ಹೊತ್ತು ಮಧ್ಯರಾತ್ರಿಯಾಗುವಂತಿದ್ದರೆ ಒಂಟಿಯಾಗಿ ಇಳಿಯುವ ಹೆಂಗಸರನ್ನೂ ಹಿರಿಯರನ್ನೂ ಮನೆಗೆ ಯಾರು ಮುಟ್ಟಿಸುತ್ತಾರೆಂದು ಲೋಣಾವಳದಲ್ಲೇ ಕೇಳಿಕೊಳ್ಳಿ. ಸಾಯನ್, ಬಾಂದ್ರಾಗಳಿಂದ ದಕ್ಷಿಣಕ್ಕೆ ಆಟೋರಿಕ್ಷಾ ಇಲ್ಲವಾದ್ದರಿಂದ ಮಾಟುಂಗಾದಲ್ಲಿ ಇಳಿಯುವವರಿಗೆ ಟ್ಯಾಕ್ಸಿಯನ್ನೇ ಗೊತ್ತು ಮಾಡಬೇಕು. ಬಸ್ಸು ಖಾಲಿಯಾದ ಮೇಲೆ ಸೀಟುಗಳ ನಡುವೆ ಒಮ್ಮೆ ನಡೆಯಿರಿ, ಸಿಕ್ಕ ಕನ್ನಡಕ, ಚಾರ್ಜರ್, ಹಲ್ಲಿನ ಸೆಟ್ಟುಗಳ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಡ್ರೈವರಿಗೆ ಬಾಕಿ ಕೊಟ್ಟು ಸಹಿ ಪಡೆಯಿರಿ. ಲೆಕ್ಕದ ಪ್ರತಿಯನ್ನು ಆ ವಾರದೊಳಗೆ ಎಲ್ಲರಿಗೂ ಕಳುಹಿಸಿ, ದುಡ್ಡು ಉಳಿದಿದ್ದರೆ ತಲೆಗೆಷ್ಟು ಬಂತೆಂದು ಅದರಲ್ಲೇ ಬರೆದು ಹಿಂದಿರುಗಿಸಿ.